ಬೆನ್ನು ತಿರುಗಿಸಿದ ಕರಡಿ

ಬೆಳಿಗ್ಗೆ ಐದು ಗಂಟೆ ಐವತ್ತು ನಿಮಿಷ. ಕೂಡ್ಲಿಗಿಯ ಪೇಂಟರ್ ಅತಾವುಲ್ಲಾ ಅರಣ್ಯ ಇಲಾಖೆಯ ಜೀಪಿನಲ್ಲಿ ಗಾಜು ಏರಿಸಿಕೊಂಡು, ತಾವೇ ಬರೆದ ಫಲಕವನ್ನು ಕಾಯುತ್ತ ಕುಳಿತಿದ್ದರು. ಪಕ್ಕದಲ್ಲಿ ಅರಣ್ಯ ಕಾವಲುಗಾರ ಮಾರೇಶ್ ಇದ್ದ. ಜೀಪು ನಿಂತದ್ದು ಹೊಸಹಳ್ಳಿ ಕಡೆಯ ಕಚ್ಚಾ ರಸ್ತೆಯಲ್ಲಿ, ಫಲಕದಿಂದ ಸ್ವಲ್ಪ ದೂರದಲ್ಲಿ.

ಅತಾವುಲ್ಲಾ ಹರೆಯದಲ್ಲಿ ಲಾರಿಗಳ ಹಿಂಬದಿಗೆ ನವಿಲು, ಅಂಗಡಿಗಳಿಗೆ ಹೆಸರು ಬರೆದವರು. ಫ್ಲೆಕ್ಸ್ ಬಂದ ಮೇಲೆ ಉಳಿದದ್ದು ಇಲಾಖೆಯ ತಗಡಿನ ಫಲಕಗಳ ಕೆಲಸ. ಕಾಡಿನ ಗಾಳಿಗೆ ಫ್ಲೆಕ್ಸ್ ಹರಿಯುತ್ತದೆ, ತಗಡು ನಿಲ್ಲುತ್ತದೆ. ಪ್ರಾಣಿಯ ಕಣ್ಣನ್ನು ಕೊನೆಗೆ ಬರೆಯಬೇಕೆಂದು ಗುರುಗಳು ಕಲಿಸಿದ್ದರು. ಹಾಗೆಯೇ ಬರೆದಿದ್ದರು. ‘ಕರಡಿ ಓಡಾಡುವ ದಾರಿ. ಕತ್ತಲಲ್ಲಿ ಒಂಟಿಯಾಗಿ ಹೋಗಬೇಡಿ’ ಎಂಬ ಸಾಲಿನ ಮೇಲೆ ಒಂದು ಕರಡಿಯ ಮುಖ, ಅದರ ಕೆಳಗೆ ಎರಡು ಪಂಜ. ಮಾದರಿ, ಮಾರೇಶನ ಮೊಬೈಲಿನ ಫೋಟೊ. ಯಾವ ಕಡೆ ನಿಂತರೂ ಅದು ನಮ್ಮನ್ನೇ ನೋಡುತ್ತಿತ್ತು. ಅವರ ಕೈಯಿಂದ ಅದಕ್ಕಿಂತ ಒಳ್ಳೆಯ ಚಿತ್ರ ಬಂದಿರಲಿಲ್ಲ.

ವಾರದೊಳಗೆ ಕರಡಿಯ ಹಣೆಗೆ ಕುಂಕುಮ ಬಿತ್ತು. ಆಮೇಲೆ ಹಾರ. ಆಮೇಲೆ ಒಡೆದ ತೆಂಗಿನಕಾಯಿ, ಬೆಲ್ಲ. ಕರಡಿಗೆ ಕಣ್ಣು ಮಂದ, ಮೂಗು ಬಹಳ ಚುರುಕು. ಗುಡ್ಡದ ಕರಡಿಯೊಂದು ಬೆಲ್ಲದ ವಾಸನೆ ಹಿಡಿದು ರಸ್ತೆಗೇ ಇಳಿಯತೊಡಗಿತು.

“ಅಣ್ಣಾ, ನೀ ಬರೆದ ಕರಡಿ ಖರೇ ಕರಡೀನ ಕರೀತೈತಿ” ಎಂದು ಹೇಳಿ ಮಾರೇಶನೇ ಅವರನ್ನು ಕರೆತಂದಿದ್ದ. “ಮಾಳಮ್ಮಕ್ಕ ದಿನಾ ನಸುಕಿನಾಗ ಒಬ್ಬಾಕೀನ ಹೊಲಕ್ಕ ಹೊಕ್ಕಾಳ. ಎಡಿ ಇಡಬ್ಯಾಡ ಅಂದ್ರ ಕೇಳಂಗಿಲ್ಲ. ಇವತ್ತು ಹೊತ್ತು ಏರಿದ ಮ್ಯಾಲ ಬಾ ಅಂತ ಕಾಲಿಗೆ ಬಿದ್ದು ಬಂದೀನಿ.”

ಅಷ್ಟರಲ್ಲಿ ಬಂಡೆಯ ನೆರಳು ಕಿತ್ತು ಬಂದಂತೆ ಕರಡಿ ಬಂದಿತು.

ಚಿತ್ರದತ್ತ ಅದು ನೋಡಲೇ ಇಲ್ಲ. ಎರಡು ಕಾಲಿನ ಮೇಲೆ ಎದ್ದು ಗಾಳಿ ಮೂಸಿತು. ಎದೆಯ ಮೇಲೆ ಬಿಳಿ ಗುರುತು, ಬೂದು ಬಣ್ಣದ ಉದ್ದ ಮೂತಿ. ಕುಳಿತು, ಹಿಂದಿನ ದಿನದ ಎಡೆಯ ಕಾಯಿಯನ್ನು ಎರಡು ಕೈಯಲ್ಲಿ ಹಿಡಿದು, ಉದ್ದನೆಯ ಬಾಗಿದ ಉಗುರುಗಳಿಂದ ತಿರುಳು ಕೆರೆಯತೊಡಗಿತು. ಏರಿಸಿದ ಗಾಜಿನೊಳಕ್ಕೂ ಅದರ ಉಸಿರಿನ ಸದ್ದು ಬರುತ್ತಿತ್ತು.

“ನಾನು ನಾಯಿ ಉಗುರು ಬರ್ದೀನಲ್ಲೋ” ಎಂದರು ಅತಾವುಲ್ಲಾ, ಬಹಳ ಮೆಲ್ಲಗೆ.

ತಿಂದು ಮುಗಿಸಿ ಅದು ತಿರುಗಿತು. ಗುಡ್ಡದ ಕಡೆ ಹೆಜ್ಜೆ ಹಾಕಿತು. ಭುಜದ ಕೂದಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಜೋಲುತ್ತಿತ್ತು. ಆಗಷ್ಟೇ ಹುಟ್ಟಿದ ಬಿಸಿಲು ಆ ಬೆನ್ನಿನ ಮೇಲೆ ಬಿದ್ದು ಕೂದಲಿನ ತುದಿಗಳು ಕೆಂಪಾದವು. ಅದು ಹೋದ ಮೇಲೂ ಅತಾವುಲ್ಲಾ ಗಾಜಿನಿಂದ ಹಣೆ ತೆಗೆಯಲಿಲ್ಲ.

ಹೊತ್ತು ಏರಿದ ಮೇಲೆ ಮಾಳಮ್ಮ ಕಾಯಿ ಹಿಡಿದೇ ಬಂದರು.

“ಅಕ್ಕಾ, ಇದು ದೇವರಲ್ಲ, ಬಣ್ಣ” ಎಂದರು ಅತಾವುಲ್ಲಾ.

“ಬಣ್ಣ ಅಂತ ನನಗೂ ಗೊತ್ತೈತಿ, ತಮ್ಮಾ. ಆದ್ರ ದಿನಾ ಕಣ್ಣು ಬಿಟಗಂಡು ನೋಡ್ತೈತಿ. ನೋಡಾವರ ಮುಂದ ಬರಿಗೈಲಿ ಹೆಂಗ ಹಾದು ಹೋಗಲಿ?”

ಅತಾವುಲ್ಲಾ ಜೀಪಿನಿಂದ ಡಬ್ಬಿಗಳನ್ನು ಇಳಿಸಿಕೊಂಡರು. ಬಿಳಿ ಬಣ್ಣದಲ್ಲಿ ಬ್ರಷ್ ಅದ್ದಿ, ಕೊನೆಗೆ ಬರೆದಿದ್ದ ಕಣ್ಣುಗಳನ್ನೇ ಮೊದಲು ಅಳಿಸಿದರು. ಮಾರೇಶ್ ಮುಖ ಆಚೆ ತಿರುಗಿಸಿಕೊಂಡ. ಬಿಳಿ ಒಣಗಿದ ಮೇಲೆ ಅದೇ ಜಾಗದಲ್ಲಿ ಬೇರೆ ಕರಡಿ ಮೂಡಿತು. ಅದು ಗುಡ್ಡದ ಕಡೆ ನಡೆದು ಹೋಗುತ್ತಿತ್ತು. ಬೆನ್ನು ಮಾತ್ರ ಕಾಣುತ್ತಿತ್ತು.

ಬೆನ್ನಿಗೆ ಯಾರೂ ಕುಂಕುಮ ಹಚ್ಚಲಿಲ್ಲ, ಎಡೆ ಇಡಲಿಲ್ಲ. ಹದಿನೈದು ದಿನದಲ್ಲಿ ಕರಡಿ ರಸ್ತೆಗಿಳಿಯುವುದನ್ನು ಬಿಟ್ಟಿತು. ಮಾಳಮ್ಮ ಈಗಲೂ ಅದೇ ದಾರಿಯಲ್ಲಿ ಹೊಲಕ್ಕೆ ಹೋಗುತ್ತಾರೆ, ಬೆಳಕು ಹರಿದ ಮೇಲೆ.

ಕೂಡ್ಲಿಗಿ ಸಂತೆಯಲ್ಲಿ ಸಿಕ್ಕಾಗ ಅವರು ಅತಾವುಲ್ಲಾರನ್ನು ಛೇಡಿಸಿದರು: “ನಿನ್ನ ಕರಡಪ್ಪ ಮಾರಿ ತಿರುವಿ ನಿಂತಾನ. ಏನು ಅಂದಿ ಅವಗ?”

“ಮನಿಗೆ ಹೊಂಟಾನ, ಅಕ್ಕಾ. ಹಿಂದಿನಿಂದ ಕರೀಬಾರದು.”

“ಕೂದಲು ಕೂದಲಾ ಬರದೀಯಲ್ಲೋ. ಎಷ್ಟು ದಿನ ನೋಡಿದ್ದಿ ಅವನ್ನ?”

ಅತಾವುಲ್ಲಾ ಕೈಚೀಲವನ್ನು ನೆಲಕ್ಕಿಟ್ಟರು.

“ನಾಲ್ಕು ನಿಮಿಷ” ಎಂದರು.