ಮಣ್ಣು ಮೆತ್ತಿದ ಬ್ಲೋವರ್

ಮೊದಲು ಬಂದದ್ದು ಹಿತ್ತಾಳೆ ಉಜ್ಜುವ ಪಾಲಿಶಿನ ವಾಸನೆ. ಹೋದ ತಿಂಗಳು ಹುಣಸೂರಿನ ಹೊಸ ಬಡಾವಣೆಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಕರೆದದ್ದು, ನಾನು ಹಿಂದೆ ಬಾಡಿಗೆಗಿದ್ದ ಬೀದಿಯ ಎದುರುಮನೆ ಸಾಹುಕಾರರ ಮೊಮ್ಮಗ. ಒಳಗೆ ಗಾಜಿನ ಮೇಜಿನ ಮೇಲೆ, ಸಣ್ಣ ಕುಂಬಳಕಾಯಿಯಷ್ಟು ದೊಡ್ಡದಾದ ಒಂದು ಅಲ್ಯೂಮಿನಿಯಂ ಯಂತ್ರ ಥಳಥಳಿಸುತ್ತಿತ್ತು. ಒಂದು ಪಕ್ಕಕ್ಕೆ ಬೆಲ್ಟ್ ಓಡುವ ಚಕ್ರ, ಇನ್ನೊಂದು ಪಕ್ಕಕ್ಕೆ ಮೊಣಕೈಯಂತೆ ಬಾಗಿದ ಕೊಳವೆ. ಅದರ ಮುಂದೆ ಯಾರೋ ಎರಡು ಸೇವಂತಿಗೆ ಹೂವನ್ನೂ ಇಟ್ಟಿದ್ದರು.

“ನಮ್ಮ ತಾತನ ರೇಸ್ ಕಾರಿಂದು ಸಾರ್. ಕೊಡಗಿನ ಎಸ್ಟೇಟ್‌ನವರನ್ನ ಕಂಪಲಾಪುರದವರೆಗೂ ಹಿಂದೆ ಹಾಕಿದ್ರಂತಲ್ಲ! ನೀವು ನೋಡಿದೀರಲ್ವಾ?”

ರೇಸಿನ ದಿನ ಆ ಕಾರು ಕಂಪಲಾಪುರವನ್ನು ಕಾಣಲೇ ಇಲ್ಲ. ಊರಿನ ಸೇತುವೆಯನ್ನೇ ದಾಟಲಿಲ್ಲ. ಇಷ್ಟು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ಉಳಿದದ್ದನ್ನು ಬರೆಯುವಾಗ ನನ್ನ ನೆನಪು ಕತೆಗಾರನ ಹಾಗೆ ಅಂಚುಗಳನ್ನು ಮಡಚಿ ಹೊಲಿಯಲು ನೋಡುತ್ತದೆ. ಅದನ್ನು ನಂಬಬೇಡಿ. ನಾನೂ ನಂಬುವುದಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಎದುರುಮನೆಯವರು ಹೊಗೆಸೊಪ್ಪು ಬೆಳೆಯುತ್ತಿದ್ದರು, ಒಂದು ಟ್ಯಾಕ್ಸಿ ಇಟ್ಟಿದ್ದರು. ಟ್ಯಾಕ್ಸಿಯ ಡ್ರೈವರ್ ಎಚ್.ಡಿ.ಕೋಟೆ ಕಡೆಯವನು. ತೆಳ್ಳಗಿನ ಆಳು, ಬಾಯಿ ತುಂಬ ಮಾತು. ಈಗ ನೆನಪಾಗುತ್ತಿರುವವನು ಅವನು. ಸಾಹುಕಾರರನ್ನು ನೆನೆಯುವುದು ಅವನ ದೆಸೆಯಿಂದ ಬಂದ ಕರ್ಮ.

ಆ ವರ್ಷ ಸೊಪ್ಪಿಗೆ ಒಳ್ಳೆಯ ಬೆಲೆ ಬಂತೆಂದು ಕಾಣುತ್ತದೆ. ಸಾಹುಕಾರರು ಮಡಿಕೇರಿ ಕಡೆಯಿಂದ ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡು ತಂದರು. ಎರಡೇ ಸೀಟು, ಮೇಲೆ ಚಾವಣಿಯಿಲ್ಲ. ಮಾರಿದ ಎಸ್ಟೇಟ್ ಯಜಮಾನ, “ಇದು ನಿಮ್ಮ ಸೊಪ್ಪಿನ ಗಾಡಿಯಲ್ಲ, ಮೆಲ್ಲಗೆ ಓಡಿಸಿ” ಅಂದನಂತೆ. ಆ ಮಾತು ಇವರಿಗೆ ಮುಳ್ಳಾಯಿತು. ಹುಣಸೂರಿನಿಂದ ಕಂಪಲಾಪುರದವರೆಗೆ ಅವನ ಹೊಸ ಕಾರಿನ ಎದುರು ಓಡಿಸಿ ತೋರಿಸುತ್ತೇನೆಂದು ಪಂಥ ಕಟ್ಟಿದರು. ಕಾರನ್ನು ಸಜ್ಜುಮಾಡುವ ಕೆಲಸ ಡ್ರೈವರಿನದು.

“ನಾನು ಗೆದ್ದ ದಿವ್ಸ ಟ್ಯಾಕ್ಸಿ ನಿಂದೇ ಕಣ್ಲಾ” ಎಂದು ಬೀದಿಯಲ್ಲೇ ನಿಂತು ಎಲ್ಲರ ಮುಂದೆ ಹೇಳಿದರು. ಅವತ್ತಿನಿಂದ ಡ್ರೈವರಿಗೆ ಬೇರೆ ಯೋಚನೆಯಿಲ್ಲ. ಟ್ಯಾಕ್ಸಿಯ ಹಿಂದಿನ ಗಾಜಿನ ಮೇಲೆ ಮಗಳ ಹೆಸರನ್ನು ಎಲ್ಲಿ ಬರೆಸಬೇಕೆಂದು ಬೆರಳಿಂದ ಗೆರೆ ಎಳೆದು ನನಗೆ ತೋರಿಸುತ್ತಿದ್ದ. “ಕೆಂಪಾ, ಅಳದಿಯಾ? ಏನೇಳ್ತೀರಿ ಮೇಷ್ಟ್ರೇ?”

ಪಂಥ ಗೆಲ್ಲಲು ಬಂದದ್ದು ಈ ಯಂತ್ರ. ಸೂಪರ್‌ಚಾರ್ಜರ್. ನಮ್ಮ ಬೀದಿಯ ಬಾಯಲ್ಲಿ ಬ್ಲೋವರ್. ಬೊಂಬಾಯಿಯ ಯಾವುದೋ ಅಂಗಡಿಯಿಂದ ಮರದ ಪೆಟ್ಟಿಗೆಯಲ್ಲಿ, ಒಣಹುಲ್ಲಿನ ನಡುವೆ ಬಂತು. ಇಂಜಿನ್ ತಾನಾಗಿ ಎಳೆದುಕೊಳ್ಳುವ ಗಾಳಿ ಸಾಲದೆಂದು, ಇದು ಬೆಲ್ಟಿನ ಬಲದಿಂದ ಇನ್ನಷ್ಟು ಗಾಳಿಯನ್ನು ಒಳಕ್ಕೆ ನೂಕುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಕಸುವು. ಜೊತೆಗಿದ್ದ ಇಂಗ್ಲಿಷ್ ಹಾಳೆಯನ್ನು ಓದಿ ಹೇಳಿದವನು ನಾನು. ಯಾವ ಕಾರಿಗಾದರೂ ಸರಿ, ಒಂದು ಮಧ್ಯಾಹ್ನದ ಕೆಲಸ, ವರ್ಷಾನುಗಟ್ಟಲೆ ತೊಂದರೆಯಿಲ್ಲ ಎಂದು ಅದು ಬೊಗಳುತ್ತಿತ್ತು.

ಸುಳ್ಳು. ಒಂದು ಬೋಲ್ಟೂ ಒಂದು ತೂತಿಗೂ ಹೊಂದಲಿಲ್ಲ. ಎತ್ತಿನ ಗಾಡಿಯ ಚಕ್ರದ ಪಟ್ಟಿ ಕಬ್ಬಿಣವನ್ನು ಕತ್ತರಿಸಿ, ವೆಲ್ಡ್ ಮಾಡಿಸಿ ಅದನ್ನು ಇಂಜಿನ್ನಿನ ಪಕ್ಕೆಗೆ ನೇತುಹಾಕಿದರು. ಬೆಲ್ಟು ಜಾರುವುದು, ಜಾರಿದರೆ ರಾಳ ಹಚ್ಚುವುದು, ಹಚ್ಚಿದರೆ ಹರಿಯುವುದು. ನೀರು ಕುದಿಯುವುದು. ಪ್ಲಗ್ಗುಗಳು ಕರಿಹಿಡಿಯುವುದು. ಪಿರಿಯಾಪಟ್ಟಣದ ಕಡೆಗೆ ಹೋದ ಕಾರನ್ನು ಎತ್ತು ಕಟ್ಟಿ ಎಳೆದು ತಂದದ್ದೂ ಉಂಟು. ಸುಟ್ಟ ರಬ್ಬರಿನ ನಾತ ನಮ್ಮ ಮನೆಯ ಅನ್ನಕ್ಕೂ ಹಿಡಿದಿತ್ತು. ಆದರೂ ನಡುನಡುವೆ ಒಂದೆರಡು ಫರ್ಲಾಂಗು ಅದು ನಿಜವಾಗಿಯೂ ಹಾರುತ್ತಿತ್ತು. ಆ ಒಂದೆರಡು ಫರ್ಲಾಂಗೇ ಎಲ್ಲರ ತಲೆ ಕೆಡಿಸಿದ್ದು.

ಕೊಳವೆಯ ನೆತ್ತಿಯ ಮೇಲೆ ಒಂದು ಸಣ್ಣ ಬಾಯಿ ಇತ್ತು. ಒಳಗೆ ಸ್ಪ್ರಿಂಗು, ಅದರ ಕೆಳಗೆ ಮುಚ್ಚಳ. ಇಂಜಿನ್ ಎಂದಾದರೂ ಬೆಂಕಿಯನ್ನು ಹಿಂದಕ್ಕೆ ಉಗುಳಿದರೆ ಮುಚ್ಚಳ ಎದ್ದು ಒತ್ತಡವನ್ನು ಆಚೆ ಬಿಡಲಿ ಎಂದು. ಸ್ಪ್ರಿಂಗು ಹಳತಾಗಿತ್ತೋ ಏನೋ, ಜೋರಾಗಿ ಓಡಿಸಿದಾಗಲೆಲ್ಲ ಅದು ಉಸ್ಸೆನ್ನುತ್ತಿತ್ತು. ಆ ಸದ್ದು ಸಾಹುಕಾರರಿಗೆ ತಡೆಯಲಾಗುತ್ತಿರಲಿಲ್ಲ.

ಯಾಕೆಂದರೆ ಅವರು ಬ್ಯಾರನ್ನಿನವರು. ಹೊಗೆಸೊಪ್ಪನ್ನು ಒಣಗಿಸುವ ಆ ಎತ್ತರದ ಮಣ್ಣುಗೋಡೆಯ ಮನೆಯಲ್ಲಿ ಕಾವೇ ಎಲ್ಲ. ಒಂದು ಬಿರುಕು ಬಿಟ್ಟರೂ ಸೊಪ್ಪು ಹಸಿರು ಉಳಿದು ಹಾಳಾಗುತ್ತದೆ. ಒಲೆ ಉರಿಯುವಾಗ ಅವರು ಗೋಡೆಯ ಸುತ್ತ ಅಂಗೈ ಚಾಚಿಕೊಂಡು ನಡೆಯುತ್ತಿದ್ದರು. ಎಲ್ಲಿ ಬಿಸಿ ತಾಕಿತೋ ಅಲ್ಲಿ ಪಟಾರೆಂದು ಸಗಣಿ ಕಲಸಿದ ಜೇಡಿಮಣ್ಣು. ಅದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಒಪ್ಪುತ್ತೇನೆ.

ಪಂಥದ ಹಿಂದಿನ ದಿನ ಕಾರಿನ ಮುಂದೆ ನಿಂತು ಕೇಳಿದರು: “ಏನ್ಲಾ ಇದು, ಆವಿನಂಗೆ ಬುಸ್ಸಂತದೆ?”

“ಅದು ಅಂಗೇ ಇರ್ಬೇಕಂತೆ ಸೌಕಾರ್ರೇ. ಮೇಷ್ಟ್ರು ಓದೇಳವ್ರೆ.”

“ಗಾಳಿ ತುಂಬ್ಲಿ ಅಂತ ಬೊಂಬಾಯಿಂದ ತರ್ಸಿವ್ನಿ, ಸೋರಾಕೆ ಬುಡ್ತೀಯಾ? ಬ್ಯಾರನ್ನು ಇಂಗೆ ಸೋರಿದ್ರೆ ಸೊಪ್ಪು ಬೇಯ್ತದೇನ್ಲಾ?”

ನಾನು ಬೀದಿ ದಾಟಿ ಹೋಗಿ ಹೇಳಿದೆ. ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದಿದೆ, ಅದನ್ನು ಮುಚ್ಚಬಾರದು, ಮುಚ್ಚಿದರೆ ಬೆಂಕಿ ಹಿಂದಕ್ಕೆ ಬರುತ್ತದೆ ಎಂದೆ. ಅವರು ನಕ್ಕರು. “ನೀವು ಸ್ಕೂಲಲ್ಲಿ ಐಕಳಿಗೆ ಗಾಳಿ ಪಾಠ ಮಾಡಿ ಮೇಷ್ಟ್ರೇ. ಸೋರೋದ ಮುಚ್ಚೋದು ನಮ್ಮ ಮನೆ ಕಸುಬು ಕಣ್ರೀ.” ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಡ್ರೈವರೂ ನಕ್ಕ… ಅಥವಾ ನಗಲಿಲ್ಲ.

ಬ್ಯಾರನ್ನಿನಿಂದ ಒಂದು ಉಂಡೆ ಮಣ್ಣು ಬಂತು. ಅದಕ್ಕೆ ಗೋಣಿನಾರು ಬೆರೆಸಿ, ಆ ಬಾಯಿಗೆ ಗಿಡಿದು, ಹೆಬ್ಬೆರಳಿಂದ ಒತ್ತಿ, ಮೇಲೆ ತಗಡು ಇಟ್ಟು ತಂತಿ ಬಿಗಿದರು. ಒತ್ತಿದ ಹೆಬ್ಬೆರಳನ್ನು ನಾನು ಕಾಣಬಲ್ಲೆ. ಕೆಲವು ಸಲ ಅದರ ಪಕ್ಕದ ಬೆರಳಲ್ಲಿ ಸಾಹುಕಾರರ ಕೆಂಪು ಹರಳಿನ ಉಂಗುರವಿರುತ್ತದೆ. ಕೆಲವು ಸಲ ಉಂಗುರವಿಲ್ಲ, ಉಗುರಿನ ಸಂದಿಯಲ್ಲಿ ಗ್ರೀಸ್ ಇರುತ್ತದೆ. ಯಾರ ಕೈ ಎಂಬುದು ನನಗೆ ಖಚಿತವಿಲ್ಲ. ಯಾರ ಮಾತು ಎಂಬುದು ಖಚಿತ.

ಮರುದಿನ ಬೆಳಿಗ್ಗೆ ಲಕ್ಷ್ಮಣತೀರ್ಥದ ಸೇತುವೆಯ ಬಳಿ ಜನ ಸೇರಿದ್ದರು. ಎಸ್ಟೇಟ್ ಯಜಮಾನ ಬಂದಿದ್ದನೆಂದು ಕೆಲವರು, ಬರಲೇ ಇಲ್ಲವೆಂದು ಕೆಲವರು. ನಾನು ನೋಡಿದ್ದು ಕಾರನ್ನು ಮಾತ್ರ. ಬೆಲ್ಟು ಮತ್ತೆ ಜಾರಿತ್ತು. ಡ್ರೈವರ್ ಬಾನೆಟ್ ಎತ್ತಿ, ಬಗ್ಗಿ ರಾಳ ಹಚ್ಚುತ್ತಿದ್ದ. ಸಾಹುಕಾರರಿಗೆ ತಾಳ್ಮೆಯಿರಲಿಲ್ಲ. “ಆಯ್ತಾ? ಆಯ್ತೇನ್ಲಾ?” ಎನ್ನುತ್ತ, ಉತ್ತರಕ್ಕೆ ಕಾಯದೆ ಇಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ತುಳಿದರು.

ಇಂಜಿನ್ ಒಂದು ಸಲ ಕೆಮ್ಮಿತು. ಕೊಳವೆ ಒಡೆಯಲಿಲ್ಲ, ಮಣ್ಣು ಏಳಲಿಲ್ಲ. ಬೆಂಕಿ ಬ್ಲೋವರಿನೊಳಗಿಂದ ಹಿಂದಕ್ಕೆ ಬಂದು, ಪೆಟ್ರೋಲನ್ನೂ ಕೂಡಿಕೊಂಡು, ಬಗ್ಗಿದ್ದವನ ಮುಖಕ್ಕೆ ರಾಚಿತು… ಸದ್ದು ದೊಡ್ಡದೇನಲ್ಲ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ.

ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು: ದಡ್ಡ ಡ್ರೈವರು, ಮುಚ್ಚಬಾರದ ಕಡೆ ಮಣ್ಣು ಮೆತ್ತಿಬಿಟ್ಟ. ಸಾಹುಕಾರರೇ ಹೋಟೆಲಿನಲ್ಲಿ ಕೂತು, ನೊಂದ ಮುಖ ಮಾಡಿ ಹೇಳುತ್ತಿದ್ದರು. ನಾನು ಅವರ ಎದುರಿಗೇ, ಅದು ನಿಮ್ಮ ಮಾತಿನಿಂದ ಆದದ್ದು ಎಂದೆ. “ಬುಡಿ ಮೇಷ್ಟ್ರೇ, ಅವನನ್ನೇ ಕೇಳಿ” ಅಂದರು.

ಮೈಸೂರಿನ ಆಸ್ಪತ್ರೆಗೆ ಹೋಗಿ ಕೇಳಿದೆ. ಮುಖದ ತುಂಬ ಬಟ್ಟೆ ಸುತ್ತಿತ್ತು. ಬಾಯಿಯ ಜಾಗದಲ್ಲಿ ಒಂದು ಸಂದಿ.

“ನಾನೇ ಮೆತ್ತಿದ್ದು ಅಂತ ಒಪ್ಕೊಂಡಿವ್ನಿ ಮೇಷ್ಟ್ರೇ. ಸೌಕಾರ್ರು ಟ್ಯಾಕ್ಸಿ ಕೊಡ್ತೀನಿ ಅಂದವ್ರೆ. ನೀವು ಸುಮ್ಕಿರಿ. ಕೆಡಿಸ್‌ಬ್ಯಾಡಿ.” ಆಮೇಲೆ, “ಬಟ್ಟೆ ಬಿಚ್ಚುದ್ಮೇಲೆ ಮೊದ್ಲು ನಿಮ್ಮುನ್ನೇ ಕೂರುಸ್ಕೊಂಡು ಒಂದು ಸುತ್ತು ಒಡೀತೀನಿ.”

ಬಟ್ಟೆ ಬಿಚ್ಚಿದರು. ಕಣ್ಣು ಎರಡೂ ಹೋಗಿದ್ದವು.

ಸಾಹುಕಾರರು ಮಾತಿಗೆ ತಪ್ಪಲಿಲ್ಲ. ನನಗೆ ಇವತ್ತಿಗೂ ಹೇಸಿಗೆ ಹುಟ್ಟಿಸುವುದು ಅದೇ. ಟ್ಯಾಕ್ಸಿಯನ್ನು ತೊಳೆಸಿ, ಹೂವಿನ ಹಾರ ಹಾಕಿಸಿ, ಕುರುಡನ ಕೈಗೆ ಬೀಗದ ಕೈ ಕೊಟ್ಟರು. ಊರು ಕೊಂಡಾಡಿತು. ತಪ್ಪು ಮಾಡಿದ ಆಳಿಗೂ ಗಾಡಿ ಕೊಟ್ಟ ದೊಡ್ಡ ಮನುಷ್ಯ ಎಂದು ಹೆಂಗಸರು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ಆಮೇಲೆ ಅವರ ಹೆಸರಿನ ಜೊತೆ ಧರ್ಮ ಎಂಬ ಮಾತು ಅಂಟಿಕೊಂಡಿತು.

ಟ್ಯಾಕ್ಸಿಯನ್ನು ಬೇರೆ ಯಾರೋ ಓಡಿಸುತ್ತಿದ್ದರು. ಅವನು ಬಸ್ ಸ್ಟ್ಯಾಂಡಿನಲ್ಲಿ ಅದರ ಹಿಂದಿನ ಸೀಟಿನಲ್ಲಿ ಕೂತು, ಪ್ರಯಾಣಿಕರು ಬಂದರೆ ಇಳಿದು ನಿಲ್ಲುತ್ತಿದ್ದ. ಒಮ್ಮೆ ನನ್ನ ಹೆಜ್ಜೆಯ ಸದ್ದು ಹಿಡಿದು ಕರೆದ. ಹಿಂದಿನ ಗಾಜಿನ ಮೇಲೆ ಮಗಳ ಹೆಸರು ಬರೆಸಿದ್ದ. ಬೆರಳಿಂದ ಸವರುತ್ತ ಕೇಳಿದ: “ಅಕ್ಸರ ನೆಟ್ಟಗವಾ ಮೇಷ್ಟ್ರೇ?”

ಓರೆಯಾಗಿತ್ತು. ನೆಟ್ಟಗಿದೆ ಎಂದೆ.

ನನಗೆ ಕೆ.ಆರ್.ನಗರಕ್ಕೆ ವರ್ಗವಾಯಿತು. ಅವನು ಯಾವಾಗ ತೀರಿಕೊಂಡನೋ ಗೊತ್ತಿಲ್ಲ. ಯಾರೂ ತಿಳಿಸಲಿಲ್ಲ, ಯಾಕೆ ತಿಳಿಸುತ್ತಾರೆ…

ಗೃಹಪ್ರವೇಶದ ಆ ಮನೆಯಲ್ಲಿ, ಇದನ್ನೆಲ್ಲ ಆ ಮೊಮ್ಮಗನಿಗೆ ಹೇಳಿದೆ. ಅವನು ಕೈಕಟ್ಟಿಕೊಂಡು ಕೇಳಿದ. ಕೊನೆಗೆ, “ಅಯ್ಯೋ, ಆ ಡ್ರೈವರಿಗೆ ತಾತ ಗಾಡಿನೇ ಕೊಟ್ರಂತಲ್ಲ ಸಾರ್” ಎಂದು ಹೆಮ್ಮೆಯಿಂದ ನಕ್ಕ. ನಾನು ಎದ್ದು ಕೊಳವೆಯ ನೆತ್ತಿಯನ್ನು ತೋರಿಸಿದೆ. ತಗಡು ಇರಲಿಲ್ಲ. ಮಣ್ಣು ಹಾಗೇ ಇತ್ತು, ಬೆಂದು ಇಟ್ಟಿಗೆಯಾಗಿ. ನಡುವೆ ಒಂದು ಸಣ್ಣ ತಗ್ಗು. ಹೆಬ್ಬೆರಳಿನದು.

ಯಾರದೆಂದು ನೋಡಲು ಕನ್ನಡಕ ಹುಡುಕುತ್ತಿದ್ದೆ. ಅವನೂ ಬಗ್ಗಿ ನೋಡಿದ. “ಅರೆ, ಇಷ್ಟು ಪಾಲಿಶ್ ಮಾಡ್ಸಿದೀನಿ, ಇಲ್ಲಿ ಕೊಳೆ ಬಿಟ್ಟವ್ರೆ ನೋಡಿ!” ಎಂದವನೇ ಒಳಗಿಂದ ಸ್ಕ್ರೂಡ್ರೈವರ್ ತಂದು, ನಾನು ಬೇಡ ಎನ್ನುವಷ್ಟರಲ್ಲಿ ಎರಡು ಸಲ ಕುಟ್ಟಿದ. ಕೆಂಪು ಪುಡಿ ಹೊಸ ನೆಲದ ಮೇಲೆ ಉದುರಿತು. ಒಳಗಿಂದ ಬಂದ ಹೆಂಗಸು ಅದನ್ನು ಪೊರಕೆಯಿಂದ ಗುಡಿಸಿ, ಮೊರಕ್ಕೆ ಎತ್ತಿಕೊಂಡು ಹೋದಳು.

“ಈಗ ನೋಡಿ ಸಾರ್, ಎಷ್ಟು ಚೆನ್ನಾಗಿ ಕಾಣ್ತದೆ” ಎಂದ ಅವನು.