ಕಡ್ಡಿರಾಂಪುರದ ಮಡಿ ಹಾವು

ಕಡ್ಡಿರಾಂಪುರದ ಹಾಲೇಶನಿಗೆ ಊರಿನವರು ಅವನು ಸಾಕುವ ಪ್ರಾಣಿಯ ಹೆಸರನ್ನೇ ಅಡ್ಡಹೆಸರಾಗಿ ಕಟ್ಟುತ್ತಿದ್ದರು. ಮೊದಲು ಎಮು ಹಾಲೇಶ, ಆಮೇಲೆ ಮೊಲದ ಹಾಲೇಶ, ಒಂದು ಮಳೆಗಾಲವಿಡೀ ಟರ್ಕಿ ಕೋಳಿ ಹಾಲೇಶ. ಪ್ರಾಣಿ ಬದಲಾದಂತೆ ಹೆಸರೂ ಬದಲಾಯಿತು. ಬದಲಾಗದೆ ಉಳಿದದ್ದು ಅವನ ಮಾತೊಂದೇ: "ಇದೊಂದು ಕೈ ಹಿಡೀಲಿ ನೋಡ್ರಿ, ಆಮ್ಯಾಲ ಹೊಸಪೇಟಿಯೊಳಗ ನಮ್ಮನ್ನ ಹಿಡಿಯೋರು ಯಾರೂ ಇರಂಗಿಲ್ಲ."

ಎಮುಗಳ ಕಾಲದಲ್ಲೇ ಅವನಿಗೆ ಮಲಪನಗುಡಿಯ ಶೈಲಜಾಳ ಜೊತೆ ಮದುವೆಯಾಗಿತ್ತು. ಅವಳು ಮನೆ ತುಂಬಿದ ಸ್ವಲ್ಪ ದಿನಕ್ಕೆ ಎಮುಗಳು ಒಂದೊಂದಾಗಿ ಕತ್ತು ಚೆಲ್ಲಿದವು. ಅವುಗಳ ನೀರಿನ ತೊಟ್ಟಿಯಲ್ಲಿ ಪಾಚಿ ಗಟ್ಟಿಯಾಗಿ ಕಟ್ಟಿ ಅದರ ಮೇಲೆ ಕಪ್ಪೆಗಳು ಸಂಸಾರ ಹೂಡಿದ್ದವು. ಆದರೆ ಹಾಲೇಶನ ತಾಯಿ ಮರುಳಸಿದ್ದಮ್ಮ ತೊಟ್ಟಿಯ ಕಡೆ ನೋಡಲಿಲ್ಲ. "ಸೊಸಿ ಕಾಲ್ಗುಣ" ಎಂದಳು. ಹಾಲೇಶ ತಾಯಿಗೆ ಎದುರಾಡುವ ಮಗನಲ್ಲ. ಜೊತೆಗೆ, ತಪ್ಪು ತೊಟ್ಟಿ ತೊಳೆಯದವನದಲ್ಲ ಎಂದು ತಾಯಿಯೇ ತೀರ್ಪು ಕೊಟ್ಟ ಮೇಲೆ ಎದುರಾಡುವುದೇನಿದೆ?

ಈಚೆಗೆ ಅವನು ಹಂಪಿ ರಸ್ತೆಗೆ ಅಂಟಿಕೊಂಡ ಬಾಳೆ ತೋಟದಲ್ಲಿ ನಾಲ್ಕು ಕೋಣೆ ಕಟ್ಟಿಸಿ ಹೋಂಸ್ಟೇ ನಡೆಸುತ್ತಿದ್ದ. ಆ ರಸ್ತೆಯಲ್ಲಿ ಹೋಂಸ್ಟೇ ಇಲ್ಲದ ಮನೆ ಹುಡುಕಬೇಕು. ಗಿರಾಕಿ ತನ್ನ ಅಂಗಳಕ್ಕೇ ಬರಬೇಕಾದರೆ ಬೇರೆಯವರಲ್ಲಿ ಇಲ್ಲದ್ದು ಏನಾದರೂ ಬೇಕು ಎಂದು ಯೋಚಿಸಿ, ಯೋಚಿಸಿ, ಬಾಲ್ ಪೈಥಾನ್ ಎಂಬ ಒಂದು ಸಣ್ಣ ಹೆಬ್ಬಾವು ತಂದ. ಆಫ್ರಿಕಾದ ಜಾತಿ, ವಿಷವಿಲ್ಲ, ತೊಡೆಯ ಮೇಲೆ ಹಾಕಿದರೆ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ಒಳಗೆ ಅಡಗಿಸುತ್ತದೆ. ನಮ್ಮ ನೆಲದ ಹಾವು ಸಾಕಿದರೆ ಜೈಲು ಎಂದು ಯಾರೋ ಹೆದರಿಸಿದ್ದರಿಂದ ಪರದೇಶದ್ದನ್ನೇ ತಂದು, ಅರಣ್ಯ ಇಲಾಖೆಯಲ್ಲಿ ನೋಂದಣಿ ಮಾಡಿಸಿ, ಶಂಭು ಎಂದು ಹೆಸರಿಟ್ಟ. ಆಫ್ರಿಕಾದಿಂದ ಬಂದ ಹಾವು ಒಂದೇ ವಾರದಲ್ಲಿ ಶೈವವಾಯಿತು.

ಪ್ರವಾಸಿಗರು ಶಂಭುವನ್ನು ಕೊರಳಿಗೆ ಹಾಕಿಕೊಂಡು ಫೋಟೊ ತೆಗೆಸಿಕೊಂಡರು. ಹಾವು ಹೆದರಿ ಮುದುಡಿಕೊಂಡರೆ ಹಾಲೇಶ, "ಧ್ಯಾನಕ್ಕ ಕುಂತೈತ್ರಿ, ಮಾತಾಡ್ಸಬ್ಯಾಡ್ರಿ" ಎನ್ನುತ್ತಿದ್ದ. ಇಲಿ ತಿನ್ನದೆ ತಿಂಗಳು ಕಳೆದರೆ "ಉಪವಾಸ ವ್ರತ" ಎನ್ನುತ್ತಿದ್ದ. ಇಲಿ ತಿಂದ ದಿನ ಏನೂ ಹೇಳುತ್ತಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅವನು ಹಾಲೇಶ ಹೇಗಾದಾನು? ಶಂಭುವಿಗೊಂದು ಹೆಂಡತಿ ಬೇಕೆಂದು ಮತ್ತೊಂದು ಹಾವು ತರಿಸಿದ. ಮಾರಿದವನು ಫೋನಿನಲ್ಲಿ ಮತ್ತೆ ಮತ್ತೆ ಹೇಳಿದ್ದ: ಹೊಸ ಹಾವನ್ನು ಎರಡು ಮೂರು ತಿಂಗಳು ಬೇರೆ ಕೋಣೆಯಲ್ಲೇ ಇಡಿ, ಮೈಮೇಲೆ ಏನಾದರೂ ಹುಳ ಇದ್ದರೆ ಗೊತ್ತಾಗುತ್ತದೆ. ಹಾಲೇಶ ಫೋನಿಟ್ಟು ನಕ್ಕ. "ಲಗ್ನಕ್ಕ ಮುಹೂರ್ತ ಇಟ್ಟೇನಿ, ಹೆಣ್ಣನ್ನ ಬ್ಯಾರೆ ಕೋಣ್ಯಾಗ ಇಡು ಅಂತಾನ!" ಚಪ್ಪರ ಹಾಕಿಸಿದ, ಬ್ಯಾಂಡಿನವರನ್ನು ಕರೆಸಿದ, ಹೊಸ ಹಾವಿಗೆ ಪಂಪಾ ಎಂದು ಹೆಸರಿಟ್ಟು ಎರಡರ ಮೇಲೂ ಅಕ್ಷತೆ ಹಾಕಿಸಿದ. ವಿಡಿಯೊ ಕಂಪ್ಲಿಯವರೆಗೂ ಓಡಾಡಿತು. ಅದೇ ಸಂಜೆ ಗಂಡು ಹೆಣ್ಣು ಎರಡನ್ನೂ ಒಂದೇ ಗಾಜಿನ ಪೆಟ್ಟಿಗೆಗೆ ಬಿಟ್ಟ.

ಕೆಲವೇ ವಾರದಲ್ಲಿ ಶಂಭು ನೀರಿನ ಬೋಗುಣಿಗೆ ಇಳಿಯಿತು. ಇಳಿದದ್ದು ಮೇಲೆ ಬರಲೇ ಇಲ್ಲ. ಬೆಳಿಗ್ಗೆ ನೋಡಿದರೂ ನೀರಿನಲ್ಲೇ, ಸಂಜೆ ನೋಡಿದರೂ ನೀರಿನಲ್ಲೇ, ಮೂಗಿನ ತುದಿಯೊಂದು ಮೇಲೆ. ಹಾಲೇಶನ ಬಾಯಿಂದ ಮಡಿಯ ಮಾತು ಬಿದ್ದದ್ದು ಕೋಣೆ ಗುಡಿಸಲು ಬಂದವರ ಮುಂದೆ: "ನೋಡ್ರಿ, ಲಗ್ನ ಆದ ಮ್ಯಾಲ ಹೆಂಗ ಮಡಿ ಮಾಡಾಕತ್ತೈತಿ!"

ಮಾತು ಹಬ್ಬಿ, ಆ ವಾರಾಂತ್ಯಕ್ಕೆ ಮಡಿ ಹಾವು ನೋಡಲು ಜನ ಬಂದರು. ಮುಂದಿನ ಸೋಮವಾರ ಇನ್ನೂ ಹೆಚ್ಚು ಬಂದರು. ಹೂವು ತಂದರು, ಹಾಲು ತಂದರು. ಹಾವು ಹಾಲು ಕುಡಿಯುವುದಿಲ್ಲವಾದ್ದರಿಂದ ಆ ಹಾಲೆಲ್ಲ ಹೋಂಸ್ಟೇಯ ಕಾಫಿಗೆ ಹೋಯಿತು. ಕಾಫಿ ಕುಡಿಯುವ ಗಿರಾಕಿಗಳಿಗೆ ಅದು ಪ್ರಸಾದವೆಂದು ಗೊತ್ತಿರಲಿಲ್ಲ, ಅಷ್ಟೇ. ಮರುಳಸಿದ್ದಮ್ಮ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೋಗುಣಿಯ ನೀರನ್ನು ತಂಬಿಗೆಗೆ ಬಗ್ಗಿಸಿ, ವೀಳ್ಯದೆಲೆಯಲ್ಲಿ ಬಂದವರ ತಲೆಯ ಮೇಲೆ ಚಿಮುಕಿಸತೊಡಗಿದಳು. ನೀರಿನಲ್ಲಿ ಕರಿಮೆಣಸಿನ ಪುಡಿಯಂಥದ್ದು ತೇಲಾಡುತ್ತಿತ್ತು. ಭಕ್ತರು ಅದನ್ನು ಭಸ್ಮವೆಂದು ಹಣೆಗೊತ್ತಿಕೊಂಡರು.

ಆ ಪುಡಿ ನಡೆಯುತ್ತದೆಂದು ಕಂಡುಹಿಡಿದವಳು ಶೈಲಜಾ. ಬೋಗುಣಿ ತೊಳೆಯುವಾಗ ಅಂಗೈಗೆ ಹತ್ತಿದ ಒಂದು ಚುಕ್ಕೆ ಮಣಿಕಟ್ಟಿನ ಕಡೆಗೆ ಹೊರಟಿತ್ತು. ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದಳು, ಕಾಲು ಕಂಡವು. ಗಂಡನಿಗೆ ತೋರಿಸಿದಳು.

"ಹುಳ ಬಿದ್ದಾವ್ರಿ ಹಾವಿಗೆ."

"ನಿನಗ ಎಲ್ಲದರಾಗೂ ಹುಳಾನ ಕಾಣ್ತಾವ," ಎಂದ ಹಾಲೇಶ. "ಮಂದಿ ಕೈ ಮುಗಿಯಾಕತ್ತಾರ, ಸುಮ್ಕಿರು."

ಸುಮ್ಮನಿರದವರು ಗಿರಾಕಿಗಳು. ಶಂಭುವನ್ನು ಕೊರಳಿಗೆ ಹಾಕಿಕೊಂಡ ಒಬ್ಬಾಕೆಗೆ ಕುತ್ತಿಗೆಯ ಸುತ್ತ ಕೆಂಪು ದದ್ದು ಎದ್ದಿತು. ಹಾಸಿಗೆಯ ಮೇಲೆ ಕಪ್ಪು ಹುಳ ಕಂಡಳಂತೆ. ಹೋಂಸ್ಟೇಯಲ್ಲಿ ತಿಗಣೆ ಇವೆ ಎಂದು ಫೋಟೊ ಸಮೇತ ಇಂಟರ್ನೆಟ್ಟಿನಲ್ಲಿ ಬರೆದುಹಾಕಿದಳು. ದೇವರ ವಿಷಯದಲ್ಲಿ ಹೆಂಡತಿಯ ಮಾತು ಕೇಳದ ಹಾಲೇಶ ವ್ಯಾಪಾರದ ವಿಷಯದಲ್ಲಿ ಅಪರಿಚಿತಳ ಮಾತಿಗೆ ಬೆಚ್ಚಿಬಿದ್ದ. ಅಂದೇ ಹೊಸಪೇಟೆಯಿಂದ ತಿಗಣೆ ಔಷಧಿ ತಂದು ಕೋಣೆಗಳಿಗೆಲ್ಲ ಹೊಡೆದ. ಉಳಿದದ್ದನ್ನು ಗಾಜಿನ ಪೆಟ್ಟಿಗೆಯೊಳಗೆ ಹೊಡೆದು ಮುಚ್ಚಳ ಹಾಕಿದ.

ಮಧ್ಯಾಹ್ನ ಪಂಪಾ ಅಂಗಾತ ಬಿದ್ದಿತ್ತು. ತಿರುಗಿಸಿ ಹಾಕಿದರೂ ಮತ್ತೆ ಅಂಗಾತವೇ. ತಲೆ ಆಕಾಶದ ಕಡೆಗೆ ಸೊಟ್ಟಗೆ ತಿರುಗಿತ್ತು, ಬಾಯಿ ತೆರೆದಿತ್ತು.

ಮರುಳಸಿದ್ದಮ್ಮ ಬಾಗಿಲಲ್ಲೇ ನಿಂತು ಪಂಪಾಳ ಕಡೆಗೆ ಲಟಿಕೆ ಮುರಿದಳು. "ಈಕಿ ಬಂದಾಗಿಂದ ಶುರು ಆತು ನೋಡು. ಸೊಸಿ ಕಾಲ್ಗುಣ!"

ಶೈಲಜಾ ನಕ್ಕಳು. ಸಣ್ಣಗೆ ಶುರುವಾದ ನಗು ನಿಲ್ಲದೆ ಅವಳು ಗೋಡೆ ಹಿಡಿದುಕೊಳ್ಳಬೇಕಾಯಿತು. "ಅತ್ತಿ, ಹಾವಿಗೆ ಕಾಲೇ ಇಲ್ರಿ," ಎಂದಳು. "ಅದಕ್ಕೂ ಕಾಲ್ಗುಣ ಹಚ್ಚಿದ್ರಲ್ರಿ!"

ಮರುಳಸಿದ್ದಮ್ಮ ಒಳಗೆ ಹೋದಳು. ಹಾಲೇಶ ಎರಡೂ ಹಾವುಗಳನ್ನು ದಿಂಬಿನ ಚೀಲಕ್ಕೆ ಹಾಕಿ ಕಾರು ಹತ್ತಿದ.

ಹೊಸಪೇಟೆಯ ಪಶುವೈದ್ಯೆ ತ್ರಿವೇಣಿ ನಾಯಿ ಬೆಕ್ಕು ನೋಡುವವರಾದರೂ ಹಾವಿನ ಚಿಕಿತ್ಸೆಯನ್ನೂ ಕಲಿತವರು. ಮೊದಲು ಪಂಪಾಳ ಮೈಮೇಲಿನ ಔಷಧಿ ತೊಳೆದು ಉಸಿರಾಟ ನೋಡಿದರು. ಆಮೇಲೆ ಶಂಭುವಿನ ಗದ್ದ ಎತ್ತಿ, ಕೆಳಗಿನ ಸಂದಿಗೆ ಬ್ಯಾಟರಿ ಬೆಳಕು ಬಿಟ್ಟರು. ಹುರುಪೆಗಳ ನಡುವೆ, ಕಣ್ಣಿನ ಸುತ್ತ ಕಪ್ಪಗೆ ಹೊಳೆಯುವ ಕಣಗಳು ಗಿಜಿಗುಡುತ್ತಿದ್ದವು.

"ನುಸಿ ಇವು. ರಕ್ತ ಹೀರ್ತಾವ. ಎಷ್ಟು ದಿನದಿಂದ ನೀರಾಗ ಕುಂದ್ರಾಕತ್ತೈತ್ರಿ?"

"ಅದು ಮಡಿ, ಮೇಡಂ. ದಿನಾ ಸ್ನಾನ..."

"ಸ್ನಾನ ಅಲ್ರಿ. ಮೈಮ್ಯಾಗಿನ ನುಸಿಗಳನ್ನ ನೀರಾಗ ಮುಳುಗಿಸಿ ಸಾಯಿಸಾಕ ನೋಡಾಕತ್ತೈತಿ. ತಡಕೊಳ್ಳಾಕ ಆಗವಲ್ದು ಅದಕ್ಕ."

ಹಾಲೇಶ ಮೇಜಿನ ಕಾಲು ನೋಡಿದ. ತ್ರಿವೇಣಿ ಮುಂದುವರಿಸಿದರು: ಎರಡನ್ನೂ ಬೇರೆ ಬೇರೆ ಇಡಬೇಕು. ಪೆಟ್ಟಿಗೆಯೊಳಗಿನ ತೆಂಗಿನ ನಾರು, ಮರದ ತುಂಡು ಎಲ್ಲ ಸುಡಬೇಕು. ಪೆಟ್ಟಿಗೆಯ ಮೂಲೆ ಮೂಲೆಗೂ ಬಿಸಿನೀರು, ಸೋಪು ಹಾಕಿ ಉಜ್ಜಬೇಕು. ತಳಕ್ಕೆ ಬಿಳಿ ಕಾಗದ ಹಾಸಬೇಕು, ಚುಕ್ಕೆ ಬಿದ್ದರೆ ಕಾಣುತ್ತದೆ. ತಾವು ಕೊಡುವ ಔಷಧಿಯನ್ನು ಬಟ್ಟೆಯಿಂದ ಒರೆಸಬೇಕು, ಕಣ್ಣು ಬಾಯಿಗೆ ತಾಗಬಾರದು, ಒಣಗುವ ತನಕ ನೀರಿನ ಬೋಗುಣಿ ಒಳಗೆ ಇಡಬಾರದು. "ದೊಡ್ಡ ಹುಳ ಸಾಯ್ತಾವ, ಸಂದಿಯೊಳಗಿನ ತತ್ತಿ ಸಾಯಂಗಿಲ್ಲ. ಅವು ಒಡದ ಮ್ಯಾಲ ಎರಡನೇ ಸಲ ಮಾಡ್ಬೇಕು. ಒಂದೇ ಸಲಕ್ಕ ಬಿಟ್ರಿ ಅಂದ್ರ ಮೊದಲಿಂದ ಬರ್ತಾವ. ಅಲ್ಲೀಮಟ ಯಾರ ಕೊರಳಿಗೂ ಹಾಕಬ್ಯಾಡ್ರಿ."

ಹಾಲೇಶ ಹೇಳಿದ್ದೆಲ್ಲ ಮಾಡಿದ. ಒಂದು ಸಲ ಮಾಡಿದ. ಪಂಪಾ ಚೇತರಿಸಿಕೊಂಡಿತು. ಶಂಭು ನೀರಿನಿಂದ ಹೊರಬಂದು, ಬಹಳ ದಿನದ ಮೇಲೆ ಕಾಗದದ ಮೇಲೆ ಸುತ್ತಿಕೊಂಡು ನಿದ್ದೆ ಮಾಡಿತು.

ಜನಕ್ಕೆ ಅದು ಸರಿಬರಲಿಲ್ಲ. ಕಮಲಾಪುರದಿಂದ ಹೂವು ಹಿಡಿದು ಬಂದವರು ಒಣ ಹಾವನ್ನು ನೋಡಿ ಮುಖ ಮುಖ ನೋಡಿಕೊಂಡರು. "ಸ್ನಾನ ಬಿಟ್ಟೈತೇನ್ರಿ? ಮೈಲಿಗಿ ಆಗಿರಬೇಕು" ಎಂದು ಒಬ್ಬರು, "ಮನ್ಯಾಗ ಏನೋ ದೋಷ ಆಗೈತಿ" ಎಂದು ಇನ್ನೊಬ್ಬರು. ಅದರ ಮುಂದಿನ ಸೋಮವಾರ ಅಂಗಳ ಖಾಲಿ. ಕಾಫಿಗೆ ಹಾಲನ್ನು ದುಡ್ಡು ಕೊಟ್ಟು ತರಬೇಕಾಯಿತು.

ಎರಡನೇ ಸಲದ ಔಷಧಿಯ ದಿನ ಬಂತು. ಶೈಲಜಾ ನೆನಪಿಸಿದಳು. ಹಾಲೇಶ, "ಹಚ್ಚೇನಿ ತಗೊ" ಎಂದ. ಹಚ್ಚಿರಲಿಲ್ಲ. ಔಷಧಿಯ ಬಾಟಲಿಯನ್ನು ಕೈಯಲ್ಲಿ ಹಿಡಿದು ಗಾಜಿನ ಮುಂದೆ ಸುಮಾರು ಹೊತ್ತು ಕುಳಿತಿದ್ದು ನಿಜ. ಹಾವಿಗೆ ಒಂದೆರಡು ಹುಳ ಇದ್ದರೆ ಏನಾಯಿತು, ನಾಯಿಗೆ ಇರುವುದಿಲ್ಲವೇ, ಎಮ್ಮೆಗೆ ಇರುವುದಿಲ್ಲವೇ ಎಂದು ತನ್ನಷ್ಟಕ್ಕೆ ವಾದಿಸಿದ. ಎದುರು ವಾದಿಸುವವರು ಇಲ್ಲದ್ದರಿಂದ ಗೆದ್ದ. ಬಾಟಲಿಯನ್ನು ಕಪಾಟಿನಲ್ಲಿಟ್ಟ.

ತತ್ತಿಗಳು ಒಡೆದವು. ಶಂಭು ನೀರಿಗಿಳಿಯಿತು. "ದೇವರು ಮತ್ತ ಒಲಿದಾನ!" ಎಂದು ಮರುಳಸಿದ್ದಮ್ಮ ಸುದ್ದಿ ಮುಟ್ಟಿಸಿದಳು. ಅಂಗಳ ಮತ್ತೆ ತುಂಬಿತು. ಹಾಲೇಶ ಹೊಸ ಶಲ್ಯ ಹೊದ್ದು, ಬಾಗಿಲಲ್ಲಿ ನಿಂತು, "ಸಾಲಾಗಿ ಬರ್ರಿ, ಗದ್ದಲ ಮಾಡಬ್ಯಾಡ್ರಿ" ಎನ್ನುತ್ತಿದ್ದ. ಅವನ ಜೀವನದಲ್ಲಿ ಯಾವ ಪ್ರಾಣಿಯೂ ಇಷ್ಟು ಚೆನ್ನಾಗಿ ಕೈಹಿಡಿದಿರಲಿಲ್ಲ.

ಒಂದು ಸೋಮವಾರ, ದರ್ಶನದ ನಡುವೆ, ಕಪಾಟಿನಲ್ಲಿ ಔಷಧಿಯ ಬಾಟಲಿ ಹಾಗೇ ಉಳಿದದ್ದನ್ನು ಕಂಡ ಶೈಲಜಾ ಸಾಲು ಸೀಳಿಕೊಂಡು ಬಂದಳು. ಬೋಗುಣಿಯಿಂದ ಶಂಭುವನ್ನು ಎತ್ತಿದಳು. ಹಾವು ಅವಳ ಕೈಯಿಂದ ಒದ್ದೆ ಹಗ್ಗದಂತೆ ಇಳಿಬಿತ್ತು; ಚೆಂಡಾಗಿ ಸುತ್ತಿಕೊಳ್ಳುವ ಶಕ್ತಿಯೂ ಇರಲಿಲ್ಲ.

"ಲೇ, ಮಂದಿ ನಿಂತಾರ!" ಹಾಲೇಶ ಹಲ್ಲು ಕಚ್ಚಿ ಪಿಸುಗುಟ್ಟಿದ.

ಶೈಲಜಾ ಪಿಸುಗುಟ್ಟಲಿಲ್ಲ. "ಎಲ್ಲಾರೂ ಕೇಳ್ರಿ. ಇದು ಮಡಿ ಅಲ್ಲ, ತುರಿಕಿ. ಹಾವಿಗೆ ನುಸಿ ಬಿದ್ದಾವ. ನಮ್ಮ ಯಜಮಾನ್ರು ಔಷಧಿ ಮುಚ್ಚಿಟ್ಟಾರ. ನೀವು ತಲಿಗೆ ಹಾಕ್ಕೊಂಡದ್ದು ತೀರ್ಥ ಅಲ್ಲ, ಆ ಹುಳದ ನೀರು. ಮನಿಗೆ ಹೋಗಿ ತಲಿ ತೊಳಕೊಳ್ರಿ."

ಅಂಗಳ ಖಾಲಿಯಾಗಲು ಹೊತ್ತು ಹಿಡಿಯಲಿಲ್ಲ. ಹೋಗುತ್ತಾ ಹೋಗುತ್ತಾ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದರು. ಮರುಳಸಿದ್ದಮ್ಮನೂ ಕೆರೆದುಕೊಂಡಳು.

ಆಸ್ಪತ್ರೆಗೆ ಸ್ಕೂಟಿ ಓಡಿಸಿದವಳು ಶೈಲಜಾ. ಹಿಂದೆ ಚೀಲ ಹಿಡಿದು ಕುಳಿತವನು ಹಾಲೇಶ. ತ್ರಿವೇಣಿ ಬೈಯಲಿಲ್ಲ. ಶಂಭುವಿನ ಬಾಯಿ ಮೆಲ್ಲಗೆ ತೆರೆದು, "ಒಳಗ ನೋಡ್ರಿ" ಎಂದರಷ್ಟೇ. ಗುಲಾಬಿ ಇರಬೇಕಾದ ಒಸಡು ಸುಣ್ಣದ ಹಾಗೆ ಬೆಳ್ಳಗಿತ್ತು. ಹಾಲೇಶ ಅದನ್ನು ನೋಡಿದ. ತನಗೆ ಸಲಾಮು ಹೊಡೆಸಿದ ಪ್ರತಿ ಸೋಮವಾರವೂ ಈ ಬಾಯಿಂದ ಇಷ್ಟಿಷ್ಟು ಬಣ್ಣ ಇಳಿದಿತ್ತು. "ಔಷಧಿ ಕಪಾಟಿನಾಗೈತ್ರಿ, ಇವತ್ತೇ ಹಚ್ತೀನಿ" ಎಂದ.

ಈ ಸಲವೂ ಎರಡೂ ಹಾವಿಗೆ ಔಷಧಿ ಒರೆಸಿದವನು ಅವನೇ. ಪೆಟ್ಟಿಗೆ ಉಜ್ಜಿ ಉಜ್ಜಿ ಅವನ ಬೆರಳು ಸುಲಿದವು. ಕಾಗದ ಬದಲಿಸುವಾಗ ಕನ್ನಡಕ ಹಾಕಿಕೊಂಡು ಚುಕ್ಕೆ ಹುಡುಕುತ್ತಿದ್ದ. ಹೇಳಿದಷ್ಟು ಸಲ ಮಾಡಿದ. ನಂಬಿಕೆ ಬರದೆ ತ್ರಿವೇಣಿಯವರನ್ನು ಕೇಳಿ ಇನ್ನೊಂದು ಸಲ ಮಾಡಿದ. ಮಳೆಗಾಲ ಮುಗಿಯುವ ಹೊತ್ತಿಗೆ ಶಂಭು ಪೊರೆ ಬಿಟ್ಟು, ಇಲಿ ನುಂಗಿತು. ಊರಿನವರು ಅವನಿಗೆ ನುಸಿ ಹಾಲೇಶ ಎಂದು ಹೆಸರಿಟ್ಟರು. ಅದಕ್ಕೂ ಅವನು ಕೋಪಿಸಿಕೊಳ್ಳಲಿಲ್ಲ.

ಈಚೆಗೆ ಸಂಡೂರಿನ ಹತ್ತಿರದ ಯಶವಂತನಗರದಿಂದ ಮಲ್ಲೇಶ ಎಂಬ ಅದಿರು ಲಾರಿಗಳ ಕಾಂಟ್ರಾಕ್ಟರು ಬಂದಿದ್ದ. ಮದುವೆಯ ವಿಡಿಯೊ ನೋಡಿ ತಾನೂ ಅಂಥದೇ ಹೆಣ್ಣು ಹಾವು ತಂದಿದ್ದನಂತೆ. ಶಂಭುವಿನ ಜೊತೆ ಬಿಟ್ಟು ಮರಿ ಮಾಡಿಸಬೇಕೆಂದು ಬುಟ್ಟಿಯಲ್ಲೇ ಹಿಡಿದು ತಂದಿದ್ದ.

"ಒಳಗ ತರಬ್ಯಾಡ್ರಿ," ಎಂದ ಹಾಲೇಶ, ಎರಡೂ ಕೈ ಅಡ್ಡ ಹಿಡಿದು. "ಮೊದಲು ನಿಮ್ಮನ್ಯಾಗ ಬಿಳಿ ಕಾಗದದ ಮ್ಯಾಲ ಎರಡ್ಮೂರು ತಿಂಗಳು ಇಡ್ರಿ. ಡಾಕ್ಟರ್ ನೋಡಿ ಹ್ಞೂಂ ಅನ್ಲಿ. ಆಮ್ಯಾಲ ಮಾತು."

ಮಲ್ಲೇಶನ ಮುಖ ಕೆಂಪು ಅದಿರಿನ ಬಣ್ಣಕ್ಕೆ ತಿರುಗಿತು. "ಏನ್ರೀ, ನಮ್ಮ ಹಾವಿಗೆ ಹುಳ ಅದಾವು ಅಂತೀರೇನು? ಸಂಡೂರಿನಾಗ ನಮ್ಮ ಮನೆತನ ಅಂದ್ರ ಏನಂತ ಕೇಳ್ರಿ ಹೋಗಿ!"

"ಮನೆತನ ಭಾಳ ದೊಡ್ಡದೈತ್ರಿ, ನಂಗೂ ಗೊತ್ತು. ನುಸಿಗೆ ಗೊತ್ತಿರಂಗಿಲ್ಲ."

ಮಲ್ಲೇಶ ಬುಟ್ಟಿ ಎತ್ತಿಕೊಂಡು ಧೂಳೆಬ್ಬಿಸಿ ಹೊರಟುಹೋದ. ಹಾಲೇಶ ಹಿತ್ತಿಲಿಗೆ ಹೋಗಿ ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದ. ಬುಟ್ಟಿಯನ್ನು ಅವನು ಮುಟ್ಟಿಯೇ ಇರಲಿಲ್ಲ.