ಲೆಸೂಟುವಿಗೆ ಯಾಕೆ ಹೋಗಬೇಕು

ಇಂಡಿ ಪಟ್ಟಣದಲ್ಲಿ ನನ್ನದೊಂದು ಹೊಲಿಗೆ ಯಂತ್ರ ರಿಪೇರಿ ಅಂಗಡಿ. ಹೋದ ತಿಂಗಳು, ಮಳೆ ನಿಂತ ಮೇಲೆ, ಅದರ ಮುಂದೆ ಕುರಿಹಿಂಡೊಂದು ಹಾದುಹೋಯಿತು. ತೊಯ್ದ ಉಣ್ಣೆಯ ವಾಸನೆ ಬಲ್ಲವರಾದರೆ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. ಅರಿಯದವರಾದರೆ ಮೂಗು ಮುಚ್ಚಿಕೊಳ್ಳುತ್ತೀರಿ. ಸಿಂದಗಿ ತಾಲ್ಲೂಕಿನ ಮೋರಟಗಿಯಲ್ಲಿ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ನನಗೆ ಆ ವಾಸನೆಯಿಂದ ನಮ್ಮ ಹಟ್ಟಿ ನೆನಪಾಗಬೇಕಿತ್ತು. ನೆನಪಾದದ್ದು ಲೆಸೂಟು.

ಬರೆಯುವಾಗ ಲೆಸೊಥೊ, ಕರೆಯುವಾಗ ಲೆಸೂಟು. ಸುತ್ತಲೂ ದಕ್ಷಿಣ ಆಫ್ರಿಕಾ, ನಡುವೆ ಬರೀ ಗುಡ್ಡಗಳ ಈ ಪುಟ್ಟ ದೇಶ. ಇಪ್ಪತ್ತು ವರ್ಷಗಳ ಹಿಂದೆ ಸೊಲ್ಲಾಪುರದ ಬಟ್ಟೆ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದ ನನ್ನನ್ನು ಎರಡು ವರ್ಷದ ಕರಾರಿನ ಮೇಲೆ ಅಲ್ಲಿನ ಕಾರ್ಖಾನೆಗೆ ಕರೆದೊಯ್ದರು. ಹೊರಡುವ ಮುಂಚೆ ಗೋಡೆಯ ಭೂಪಟದಲ್ಲಿ ಹುಡುಕಿದೆ. ಪಟದ ಮಡಿಕೆ ಸರಿಯಾಗಿ ಅದರ ಮೇಲೆಯೇ ಬಿದ್ದಿತ್ತು, ಸಿಗಲಿಲ್ಲ.

ತಿರುಗಿ ಬಂದಾಗ ಊರಿನವರು ಕೇಳಿದ್ದು ಒಂದೇ ಪ್ರಶ್ನೆ.

"ಸಿಂಹ ನೋಡಿದೇನೋ?"

"ಇಲ್ರಿ, ಕುರಿ ನೋಡಿ ಬಂದೇನಿ."

"ಕುರಿ ನೋಡಾಕ ಅಷ್ಟ್ ದೂರ ಯಾಕ ಹೋಗಿದ್ದಿ? ಇಲ್ಲೇ ಅದಾವಲ್ಲ!"

ಅವರು ನಕ್ಕರು, ನಾನೂ ನಕ್ಕೆ. ಆದರೆ ಆ ದೇಶದ ಸೊಗಸೇ ಅದು. ವಿಮಾನದಲ್ಲಿ ಸಮುದ್ರ ದಾಟಿ ಹೋಗಿ ಇಳಿದರೆ, ಹೆಗಲ ಮೇಲೆ ಕಂಬಳಿ ಹೊದ್ದು, ಕೈಯಲ್ಲಿ ಕೋಲು ಹಿಡಿದು ಎದುರಿಗೆ ನಿಂತವನು ನಮ್ಮಪ್ಪನಂತೆಯೇ ಕಾಣುತ್ತಿದ್ದ. ಅಲ್ಲಿ ಹೆಂಗಸರೂ ಹೊದೆಯುತ್ತಾರೆ. ಕಂಬಳಿಯ ಮೇಲೆ ಕೆಂಪು, ನೀಲಿ ಚಿತ್ತಾರ ಇರುತ್ತದೆ. ಬೆಳಿಗ್ಗೆ ಜೋಳದ ಹುಳಿ ಅಂಬಲಿ ಕುಡಿಯುತ್ತಾರೆ. ಮೊದಲ ದಿನ ಅದನ್ನು ಬಾಯಿಗಿಟ್ಟಾಗ ನನಗೆ ಅಳು ಬಂತು. ಬಿಸಿಗೆ ನಾಲಿಗೆ ಸುಟ್ಟಿತೆಂದು ಹೇಳಿ ತಪ್ಪಿಸಿಕೊಂಡೆ.

ಅಂಬಲಿ ಕೊಟ್ಟವಳು ನಾನು ಬಾಡಿಗೆಗಿದ್ದ ಮನೆಯ ಒಡತಿ. ಗಂಡ ತೀರಿಹೋಗಿದ್ದ, ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಅಲ್ಲಿ ತಾಯಂದಿರನ್ನು 'ಮ್ಮೆ' ಎನ್ನುತ್ತಾರೆ. ನಾನೂ ಹಾಗೇ ಕರೆದೆ. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದಕ್ಕಿಂತ ಒಂದು ಹರಕು. ಆದರೆ ನೆನಪಿನಲ್ಲಿ ಅವಳು ಅಚ್ಚ ಸಿಂದಗಿ ಕಡೆಯ ಮಾತನ್ನೇ ಆಡುತ್ತಾಳೆ, ನಾನೇನು ಮಾಡಲಿ? ಆ ಜನ ಭೇಟಿಯಾದಾಗ 'ಚೆನ್ನಾಗಿದ್ದೀಯಾ' ಎಂದು ಕೇಳುವುದಿಲ್ಲ. 'ಎಲ್ಲಿದ್ದೀ?' ಎನ್ನುತ್ತಾರೆ. 'ಇಲ್ಲೇ ಇದ್ದೇನೆ' ಎನ್ನಬೇಕು. ನನ್ನ ಮಟ್ಟಿಗೆ ಅದು ಸುಳ್ಳಾಗಿತ್ತು. ಮೈ ಅಲ್ಲಿತ್ತು, ಮನಸ್ಸು ಮೋರಟಗಿಯಲ್ಲಿ, ಹೆಂಡತಿ ನಿಂಗವ್ವ ಮತ್ತು ನಾಲ್ಕು ವರ್ಷದ ಮಗಳ ಹತ್ತಿರ.

ಈಗ ಆ ಮಗಳು ಬಸವನ ಬಾಗೇವಾಡಿಯಲ್ಲಿ ಶಿಕ್ಷಕಿ. ಕುರಿ ಹಾದುಹೋದ ಆ ವಾರವೇ, ಭಾನುವಾರ ಊಟಕ್ಕೆ ಕೂತಾಗ ಅವಳು ಹೇಳಿದಳು, "ಅಪ್ಪಾ, ದಸರಾ ಸೂಟಿಗಿ ನಿಮ್ಮಿಬ್ಬರನ್ನೂ ಎಲ್ಲೆರ ಕರಕೊಂಡು ಹೋಗ್ತೇನಿ. ದುಬೈಗೋ, ಸಿಂಗಾಪುರಕ್ಕೋ?"

"ಲೆಸೂಟುಕ್ಕ," ಎಂದೆ, ಯೋಚಿಸದೆ.

ನಿಂಗವ್ವನ ಕೈಯ ರೊಟ್ಟಿ ಅಲ್ಲೇ ನಿಂತಿತು.

"ಆ ದೇಶದ ಹೆಸರ ನನ್ನ ಮುಂದ ತಗೀಬ್ಯಾಡ್ರಿ. ಮಾವನ ಬಾಯಾಗ ನೀರ ಬಿಟ್ಟಾಕಿ ನಾನು. ಮಗ ಇದ್ದೂ ಇಲ್ಲದಂಗ ಆತು."

ಅವಳ ಮಾತು ಸುಳ್ಳಲ್ಲ. ನಾನು ಹೋದ ಮರುವರ್ಷ ಅಪ್ಪ ತೀರಿಕೊಂಡ. ಹೊರಟಿದ್ದರೆ ಮಣ್ಣಿಗೆ, ಹೂಳುವ ಹೊತ್ತಿಗೆ, ಅಲ್ಲದಿದ್ದರೂ ದಿನದ ಕಾರ್ಯಕ್ಕಾದರೂ ಮುಟ್ಟುತ್ತಿದ್ದೆ. ಕರಾರು ಮುರಿದೀತೆಂದು ಹೆದರಿ ಹೊರಡಲಿಲ್ಲ. ನಿಂಗವ್ವ ಅದನ್ನು ಎಂದೂ ಎತ್ತಿ ಆಡಿರಲಿಲ್ಲ, ಮರೆತೂ ಇರಲಿಲ್ಲ. ನಾನು ಕೂಡ ಅಲ್ಲಿ ನಡೆದದ್ದನ್ನು ಅವಳಿಗೆ ಹೇಳಿರಲಿಲ್ಲ. ಹೇಳಿದರೆ ನೆಪ ಹೇಳಿದಂತಾಗುತ್ತದೆ ಎಂಬ ನಾಚಿಕೆ. ಆ ದಿನ ಊಟದ ಮುಂದೆ ಹೇಳಿದೆ.

ಅಲ್ಲಿ ಆಗ ಚಳಿಗಾಲ, ಗುಡ್ಡದ ಮೇಲೆಲ್ಲ ಹಿಮ. ಸುದ್ದಿ ಬಂದ ಮರುದಿನ ಕೆಲಸಕ್ಕೆ ಹೋಗದೆ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೆ. ಮ್ಮೆ ಬಂದಳು.

"ಯಾಕ ಕುಂತಿ?"

"ಅಪ್ಪ ಹೋದ."

"ಮತ್ತ ತಲೀಮ್ಯಾಲ ಕೂದಲ ಯಾಕ ಅದಾವ?"

ನಾನು ತಲೆಯೆತ್ತಿ ನೋಡಿದೆ. ನಮ್ಮಲ್ಲಿಯಂತೆ ಅವರಲ್ಲೂ ಮನೆಯವರು ತೀರಿಕೊಂಡರೆ ತಲೆ ಬೋಳಿಸುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ಬಿಸಿನೀರು, ಬ್ಲೇಡು ತಂದಳು. ತನ್ನ ಕೈಯಾರೆ ನನ್ನ ತಲೆ ಬೋಳಿಸಿದಳು. ಚಳಿಗೆ ನೆತ್ತಿ ಜುಮ್ಮೆಂದಾಗ ಗಂಡನ ಕಂಬಳಿ ತಂದು ಹೊದಿಸಿದಳು. ಆಮೇಲೆ ಓಣಿಯವರನ್ನೆಲ್ಲ ಕರೆದಳು. ಹತ್ತು ಹನ್ನೆರಡು ಜನ ಬಂದು ಹಿಮದ ನೆಲದಲ್ಲಿ ನನ್ನ ಸುತ್ತ ಕೂತರು. ಮುದುಕನೊಬ್ಬ ಕೇಳಿದ, "ನಿಮ್ಮಪ್ಪನ ಹೆಸರೇನು?"

"ಬೀರಪ್ಪ."

"ಕುರಿ ಇದ್ದುವೇನು?"

"ಇದ್ದುವು."

ಅವರೆಲ್ಲ ತಲೆಯಾಡಿಸಿದರು. ಕುರಿ ಕಾದವನು ಎಂದ ಮೇಲೆ ಅವರಿಗೆ ಇನ್ನೇನೂ ಕೇಳುವುದಿರಲಿಲ್ಲ. ಒಬ್ಬೊಬ್ಬರಾಗಿ 'ಬೀರಾಪಾ, ಬೀರಾಪಾ' ಎಂದು ಅಪ್ಪನ ಹೆಸರು ಹೇಳಿದರು. ಸಿಂದಗಿ ತಾಲ್ಲೂಕು ದಾಟಿದರೆ ಯಾರಿಗೂ ಗೊತ್ತಿಲ್ಲದ ಆ ಹೆಸರನ್ನು, ಅವನನ್ನು ಎಂದೂ ಕಾಣದ ಜನ, ಹಿಮ ಬಿದ್ದ ಅಂಗಳದಲ್ಲಿ ಹಾಡಿದರು. ಆಗ ಅತ್ತೆ. ಅಳಬಾರದೆಂದು ಯಾರೂ ಹೇಳಲಿಲ್ಲ.

ಊರಿಗೆ ಮರಳುವ ಹೊತ್ತಿಗೆ ಕೂದಲು ಬೆಳೆದಿದ್ದವು. ಬಂದ ಮೇಲೆ ಒಂದೆರಡು ಸಲ ಪತ್ರ ಬರೆದೆ, ಉತ್ತರ ಬರಲಿಲ್ಲ. ಬರೆಯುವುದನ್ನು ಬಿಟ್ಟೆ, ಆ ದೇಶ ಮಾತ್ರ ನನ್ನನ್ನು ಬಿಡಲಿಲ್ಲ. ಅಲ್ಲಿ ಚಳಿ ಮುಗಿಯುವಾಗ ಪೀಚ್ ಮರಗಳು ಎಲೆಗಿಂತ ಮೊದಲು ಗುಲಾಬಿ ಹೂ ಬಿಡುತ್ತವೆ. ನಮ್ಮಲ್ಲಿ ಶ್ರಾವಣ ಮುಗಿಯುತ್ತಿದ್ದಂತೆ, ಈಗ ಅಲ್ಲಿ ಹೂ ಬಿಟ್ಟಿರಬೇಕು ಎಂದು ಅಂಗಡಿಯಲ್ಲಿ ಕೂತು ಲೆಕ್ಕ ಹಾಕುತ್ತೇನೆ. ಗಿರಾಕಿಗಳು ಮೆಷಿನ್ನಿನ ಚಿಂತೆ ಎಂದುಕೊಳ್ಳುತ್ತಾರೆ.

ನಾನು ಹೇಳಿ ಮುಗಿಸಿದಾಗ ಊಟ ಆರಿತ್ತು. ನಿಂಗವ್ವ ತಾಟು ಎತ್ತಿಕೊಂಡು ಒಳಗೆ ಹೋದಳು. ಮೂರು ದಿನ ಆ ಸುದ್ದಿ ತೆಗೆಯಲಿಲ್ಲ. ನಾಲ್ಕನೆಯ ದಿನ, ಚಹಾ ಕೊಡುತ್ತ, "ಆಕಿ ಇನ್ನೂ ಅದಾಳೇನ್ರಿ?" ಎಂದು ಕೇಳಿದಳು.

"ಗೊತ್ತಿಲ್ಲ. ಇದ್ರ ಎಂಬತ್ತರ ಮ್ಯಾಲ ಆಗಿರ್ತಾವು."



ನಿನ್ನೆ ಮಗಳು ಲ್ಯಾಪ್‌ಟಾಪು ತಂದು ಪಡಸಾಲೆಯಲ್ಲಿ ಕೂತಳು. ಅವ್ವನಿಗೆ ಗೊತ್ತಾಗದಂತೆ ಆ ದೇಶದ ವೀಸಾ ಅರ್ಜಿ ನೋಡುವುದು ನಮ್ಮಿಬ್ಬರ ಹಂಚಿಕೆ. ಹೆಸರು, ಊರು ಎಲ್ಲ ತುಂಬಿದ ಮೇಲೆ ಅವಳು ಮೆಲ್ಲಗೆ ಕೇಳಿದಳು, "ಯಾಕ ಹೊಂಟೀರಿ ಅಂತ ಕೇಳ್ಯಾರ. ಏನಂತ ಬರೀಲಪ್ಪಾ?"

ಗುಡ್ಡ ಎನ್ನಲೇ, ಹೂ ಎನ್ನಲೇ, ಅಂಬಲಿ ಎನ್ನಲೇ?

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ನಮ್ಮ ಮಾವನ ಮಣ್ಣಿಗಿ ಬಂದವರ ಮನಿಗಿ ಹೋಗೂದೈತಿ ಅಂತ ಬರಿ," ಎಂದಳು ನಿಂಗವ್ವ, ಒಳಗಿನಿಂದಲೇ.